ಒಂಟಿ ಮನೆಯೊಳಗೆ ಕ್ಯಾಮೆರಾ: ‘ನಾ ಹೊನ್ಜಾ ಸಾಂದಾ’ ಒಬ್ಬರೇ ಬಾಳುವವರಿಗೆ ಒಳಿತು ಮಾಡಿದೆಯೇ?

ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿಯಲ್ಲಿ ಶುಕ್ರವಾರ ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ ಬರುವ ‘ನಾ ಹೊನ್ಜಾ ಸಾಂದಾ’ ಎಂಬ ಕಾರ್ಯಕ್ರಮ ಹೊರನಾಡುಗಳಲ್ಲಿ ‘ಐ ಲಿವ್ ಅಲೋನ್’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಒಬ್ಬರೇ ವಾಸಿಸುವ ನಟ, ಗಾಯಕ, ಹಾಸ್ಯ ಕಲಾವಿದ, ಕ್ರೀಡಾಪಟುಗಳ ಮನೆಯೊಳಗೆ ಕ್ಯಾಮೆರಾಗಳನ್ನು ಇಟ್ಟು, ಅವರು ಏಳುವುದರಿಂದ ಮಲಗುವವರೆಗಿನ ದಿನಚರಿಯನ್ನು ಚಿತ್ರಿಸಿ, ಆ ಚಿತ್ರವನ್ನು ಸ್ಟುಡಿಯೋದಲ್ಲಿ ಕುಳಿತ ಇತರ ಒಂಟಿವಾಸಿಗಳೊಂದಿಗೆ ನೋಡುತ್ತಾ ಮಾತನಾಡುವುದು ಅದರ ರೀತಿ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮ ಹತ್ತು ವರ್ಷಗಳನ್ನು ಮೀರಿ ನಡೆದಿದ್ದು, ವಾಹಿನಿಯ ವಾರ್ಷಿಕ ಮನರಂಜನಾ ಪ್ರಶಸ್ತಿಗಳಲ್ಲಿ ಇದರ ಸದಸ್ಯರಾದ ಜುನ್ ಹ್ಯುನ್‌ಮೂ 2017ರಲ್ಲೂ ಪಾರ್ಕ್ ನಾರೇ 2019ರಲ್ಲೂ ಅತ್ಯುನ್ನತ ಪ್ರಶಸ್ತಿ ಪಡೆದರು. ಜನಪ್ರಿಯತೆಯ ಜೊತೆಗೆ ಆರೋಪಗಳೂ ಬಂದಿವೆ. ಒಬ್ಬರೇ ಬಾಳುವ ಲಕ್ಷಾಂತರ ಕೊರಿಯನ್ನರಿಗೆ ಇದರಿಂದ ಒಳಿತಾಗಿದೆಯೇ ಎಂಬ ಪ್ರಶ್ನೆಗೆ ಎರಡು ಉತ್ತರಗಳನ್ನು ಇಲ್ಲಿ ಕೊಡಲಾಗಿದೆ.

ಪರ: ಒಂಟಿ ಮನೆಯೂ ಮನೆಯೇ ಎಂದು ಒಪ್ಪಿಸಿದ ಕಾರ್ಯಕ್ರಮ

ಈ ಕಾರ್ಯಕ್ರಮದ ಮೊದಲ ಕಂತು ಯಾವ ದಿನ ಬಂದಿತು ಎಂಬುದರಲ್ಲೇ ಅದರ ಮಹತ್ವ ಅಡಗಿದೆ. 2013ರ ಫೆಬ್ರವರಿ 10 ಕೊರಿಯನ್ನರ ಚಾಂದ್ರಮಾನ ಹೊಸವರ್ಷವಾದ ಸೊಲ್ಲಾಲ್ ಹಬ್ಬ. ಊರು ಬಿಟ್ಟು ಹೋದವರೆಲ್ಲ ಹೆತ್ತವರ ಮನೆಗೆ ಮರಳಿ, ಹಿರಿಯರಿಗೆ ಎಡೆ ಇಟ್ಟು, ಒಂದೇ ಕೋಣೆಯಲ್ಲಿ ಕುಳಿತು ಊಟ ಮಾಡುವ ದಿನ ಅದು. ಮದುವೆಯಾಗದವರಿಗೆ ‘ಯಾವಾಗ?’ ಎಂಬ ಪ್ರಶ್ನೆ ಎದುರಾಗುವ ದಿನವೂ ಹೌದು. ಕುಟುಂಬದ ಹಬ್ಬವೆಂದು ಇಡೀ ದೇಶವೇ ಭಾವಿಸಿರುವ ಆ ದಿನ, ಒಬ್ಬರೇ ಬದುಕುತ್ತಿರುವ ಗಂಡಸರ ಮನೆಗಳನ್ನು ವಿಶೇಷ ಕಂತಿನಲ್ಲಿ ತೋರಿಸಲು ಎಂಬಿಸಿ ನಿರ್ಧರಿಸಿತು. ಜನ ಒಪ್ಪಿದರು, ಮಾರ್ಚ್ 22ರಿಂದ ಅದು ವಾರದ ಕಾರ್ಯಕ್ರಮವಾಯಿತು.

ಮೊದಲ ತಂಡವನ್ನು ನೆನಪಿಸಿಕೊಂಡರೆ ಇದು ಬರೀ ಶೋಕಿಯ ಕಾರ್ಯಕ್ರಮವಾಗಿ ಹುಟ್ಟಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ‘ಬುಹ್ವಾಲ್’ ರಾಕ್ ತಂಡದ ಗಿಟಾರ್ ವಾದಕ ಕಿಮ್ ತೆವೊನ್ ಮತ್ತು ನಟ ಲೀ ಸಂಗ್‌ಜೆ ಇಬ್ಬರೂ ಮದುವೆಯಾದವರೇ. ಹೆಂಡತಿ ಮಕ್ಕಳು ಹೊರದೇಶದಲ್ಲಿದ್ದು, ಇವರು ಕೊರಿಯಾದಲ್ಲಿ ಒಬ್ಬರೇ ದುಡಿಯುತ್ತಿದ್ದರು. ಇಂಥ ತಂದೆಯರನ್ನು ಅಲ್ಲಿ ‘ಗಿರೊಗಿ ಅಪ್ಪಾ’, ಅಂದರೆ ಕಾಡುಬಾತಿನಂಥ ಅಪ್ಪ, ಎನ್ನುತ್ತಾರೆ. ಮಕ್ಕಳ ಇಂಗ್ಲಿಷ್ ಓದಿಗಾಗಿ ಸಂಸಾರವನ್ನು ಸಮುದ್ರದಾಚೆ ಕಳಿಸಿ, ಹಣ ಕಳಿಸುತ್ತಾ, ರಾತ್ರಿ ಖಾಲಿ ಮನೆಗೆ ಮರಳುವ ಈ ತಂದೆಯರ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರಹಗಳು ಬಂದಿದ್ದವು. ಅವರು ಒಬ್ಬರೇ ಕುಳಿತು ಏನು ಉಣ್ಣುತ್ತಾರೆ, ಅಡುಗೆಮನೆಯಲ್ಲಿ ಹೇಗೆ ತಡಕಾಡುತ್ತಾರೆ ಎಂಬುದನ್ನು ಜನ ವಾರ ವಾರವೂ ಕಂಡದ್ದು ಇಲ್ಲಿ. ಅವರೊಂದಿಗೆ ನಲವತ್ತರ ಮಧ್ಯ ದಾಟಿಯೂ ಮದುವೆಯಾಗದ ನಟ ಕಿಮ್ ಗ್ವಾಂಗ್‌ಗ್ಯು ಇದ್ದರು, ರ‍್ಯಾಪರ್ ಡೆಫ್‌ಕಾನ್ ಇದ್ದರು, ಕೋಣೆಯನ್ನು ಎಂದೂ ಓರಣವಾಗಿ ಇಡದ ತರುಣ ಗಾಯಕ ಸೊ ಇನ್‌ಗುಕ್ ಇದ್ದರು. ಮುಂದೆ, ಎಪ್ಪತ್ತರ ಹೊಸ್ತಿಲಿನಲ್ಲಿದ್ದ ಹಿರಿಯ ನಟ ಕಿಮ್ ಯೊಂಗ್‌ಗೊನ್ ಬಂದು ಸೇರಿದರು. ಒಂಟಿತನಕ್ಕೆ ಕಾರಣ ಒಬ್ಬೊಬ್ಬರಿಗೂ ಬೇರೆ. ಆದರೂ ಅವರೆಲ್ಲರನ್ನೂ ‘ಕಾಮನಬಿಲ್ಲು ಕೂಟ’ ಎಂಬ ಒಂದೇ ಬಳಗದ ಸದಸ್ಯರೆಂದು ಕರೆದು, ಪ್ರತಿ ಮನೆಯಲ್ಲೂ ‘ವಿಲ್ಸನ್’ ಎಂಬ ದೊಡ್ಡ ಕರಡಿ ಗೊಂಬೆಯನ್ನು ಕೂರಿಸಿದ್ದು ಸಣ್ಣ ಸಂಗತಿಯಂತೆ ಕಂಡರೂ, ‘ನಿನ್ನಂಥವರು ಇನ್ನೂ ಇದ್ದಾರೆ’ ಎಂಬ ಮಾತನ್ನು ನೋಡುಗರಿಗೆ ದಾಟಿಸಿತು.

ಅಂಥವರ ಸಂಖ್ಯೆ ಎಷ್ಟಿತ್ತು? ಕೊರಿಯಾದ ಅಧಿಕೃತ ಅಂಕಿಅಂಶಗಳ ಪ್ರಕಾರ 2000ದಲ್ಲಿ ಒಟ್ಟು ಕುಟುಂಬಗಳಲ್ಲಿ ಏಕವ್ಯಕ್ತಿ ಕುಟುಂಬಗಳ ಪ್ರಮಾಣ ಶೇ. 15.5 ಇತ್ತು, 2010ರಲ್ಲಿ ಶೇ. 23.9ಕ್ಕೆ ಏರಿತು, 2024ರಲ್ಲಿ ಶೇ. 36.1ಕ್ಕೆ, ಅಂದರೆ 80 ಲಕ್ಷ ಮನೆಗಳ ಆಚೆಗೆ ತಲುಪಿತು. ಮೂರು ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಒಬ್ಬರೇ ಇದ್ದಾರೆ. ಹಾಗಿದ್ದರೂ ಕಿರುತೆರೆಯ ಧಾರಾವಾಹಿಗಳಲ್ಲಿ ಮನೆಯೆಂದರೆ ಅಪ್ಪ, ಅಮ್ಮ, ಮಕ್ಕಳು, ಅಜ್ಜಿ ಸುತ್ತ ಕುಳಿತ ಊಟದ ಮೇಜೇ ಆಗಿತ್ತು. ಒಂಟಿಯಾಗಿರುವವನು ಕಥೆಯಲ್ಲಿ ಬಂದರೆ ಆತ ಕೊನೆಯ ಕಂತಿನೊಳಗೆ ಜೋಡಿಯನ್ನು ಹುಡುಕಿಕೊಳ್ಳಬೇಕಾಗಿತ್ತು.

ಇದೇ ವಸ್ತುವನ್ನು ಇಟ್ಟುಕೊಂಡು ಎಸ್‌ಬಿಎಸ್ ವಾಹಿನಿ 2016ರಲ್ಲಿ ಆರಂಭಿಸಿದ ‘ಮಿಉನ್ ಉರಿ ಸೆಕ್ಕಿ’ ಎಂಬ ಕಾರ್ಯಕ್ರಮದೊಂದಿಗೆ ಹೋಲಿಸಿದಾಗ ಎಂಬಿಸಿಯ ಕಾರ್ಯಕ್ರಮದ ಗುಣ ಎದ್ದು ಕಾಣುತ್ತದೆ. ಅಲ್ಲಿಯೂ ಒಂಟಿಯಾಗಿರುವ ಪ್ರಸಿದ್ಧರ ದಿನಚರಿಯನ್ನೇ ತೋರಿಸುತ್ತಾರೆ. ಆದರೆ ಸ್ಟುಡಿಯೋದಲ್ಲಿ ಕುಳಿತು ನೋಡುವವರು ಅವರ ತಾಯಂದಿರು. ನಲವತ್ತೈದು ವರ್ಷದ ಮಗನ ಫ್ರಿಜ್ ಖಾಲಿಯಾಗಿದ್ದರೆ ಅದು ತಾಯಿಯ ಸಂಕಟ. ಸೊಸೆ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಆಸೆ ಆ ಚಿತ್ರದ ಹಿಂದೆ ಸದಾ ಇರುತ್ತದೆ. ತಾಯಂದಿರ ಆ ಪ್ರೀತಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆ ನೋಟದಲ್ಲಿ ಒಂಟಿ ಬದುಕು ಬಗೆಹರಿಯಬೇಕಾದ ಒಂದು ತೊಂದರೆ. ‘ನಾ ಹೊನ್ಜಾ ಸಾಂದಾ’ದಲ್ಲಿ ನೋಡುವವರು ಸ್ವತಃ ಒಂಟಿಯಾಗಿ ಇರುವವರು. ನಿನ್ನೆಯ ಸಾರನ್ನು ಪಾತ್ರೆಯಿಂದಲೇ ಉಣ್ಣುವವನನ್ನು ಕಂಡು ಅವರು ನಗುವಾಗ ಆ ನಗುವಿನಲ್ಲಿ ‘ನಾನೂ ಹಾಗೆಯೇ’ ಎಂಬ ಒಪ್ಪಿಗೆ ಇರುತ್ತದೆ. ಯಾರೂ ಯಾರನ್ನೂ ತಿದ್ದಬೇಕಾಗಿಲ್ಲ.

ಈ ಒಪ್ಪಿಗೆಯ ಫಲವನ್ನು 2018ರ ಜೂನ್‌ನ ಒಂದು ಕಂತಿನಲ್ಲಿ ಹತ್ತಿರದಿಂದ ನೋಡಬಹುದು. ‘ಮಾಮಾಮೂ’ ತಂಡದ ಗಾಯಕಿ ಹ್ವಾಸಾ ಒಬ್ಬಳೇ ಹೋಟೆಲಿಗೆ ಹೋಗಿ, ಗೊಪ್‌ಚಾಂಗ್ ಎಂಬ ದನದ ಕರುಳಿನ ಸುಟ್ಟ ಖಾದ್ಯವನ್ನು ಆದೇಶಿಸಿ, ಬಾಣಲೆಯ ಮೇಲೆ ಅದು ಚಟಪಟಿಸುವುದನ್ನು ಕಣ್ತುಂಬಿಕೊಂಡು, ನಿಧಾನವಾಗಿ, ಪೂರ್ತಿ ಮನಸ್ಸಿಟ್ಟು ತಿಂದಳು. ಕೊರಿಯಾದಲ್ಲಿ ಮೇಜಿನ ಮೇಲೆಯೇ ಸುಟ್ಟು ತಿನ್ನುವ ಮಾಂಸದ ಊಟ ಗುಂಪಿನ ಊಟ. ‘ಕನಿಷ್ಠ ಇಬ್ಬರ ಪಾಲು’ ಎಂಬ ನಿಯಮ ಅನೇಕ ಹೋಟೆಲುಗಳಲ್ಲಿ ಇದೆ. ಒಬ್ಬರೇ ಬಂದವರಿಗೆ ಜಾಗವಿಲ್ಲ ಎನ್ನುವವರೂ ಇದ್ದಾರೆ. ಹೆಂಗಸು, ಅದರಲ್ಲೂ ಮೈಕಟ್ಟಿಗಾಗಿ ಸದಾ ಹಸಿದಿರಬೇಕೆಂದು ನಿರೀಕ್ಷಿಸಲಾಗುವ ಗಾಯಕಿ, ಯಾರ ಜೊತೆಯೂ ಇಲ್ಲದೆ, ಸಂಕೋಚವೂ ಇಲ್ಲದೆ ಹಾಗೆ ಕುಳಿತು ಉಂಡದ್ದನ್ನು ಜನ ಕಂಡರು. ಮರುದಿನದಿಂದ ದೇಶದಾದ್ಯಂತ ಗೊಪ್‌ಚಾಂಗ್ ಹೋಟೆಲುಗಳ ಮುಂದೆ ಸಾಲುಗಟ್ಟಿ, ಸರಕಿಗೆ ತತ್ವಾರ ಬಂದ ಸುದ್ದಿ ಪ್ರಸಿದ್ಧವೇ. ಒಬ್ಬರೇ ಉಣ್ಣುವುದು ಗತಿಯಿಲ್ಲದವರ ಕೆಲಸ ಎಂಬ ಹಳೆಯ ಭಾವನೆಯನ್ನು ಯಾವ ಉಪನ್ಯಾಸವೂ ಅಷ್ಟು ಬೇಗ ಕದಲಿಸಲು ಸಾಧ್ಯವಿರಲಿಲ್ಲ.

ವ್ಯಂಗ್ಯಚಿತ್ರ ಕಥೆಗಾರ ಕಿಯಾನ್ 84 ಅವರ ವಿಷಯವೂ ಹೀಗೆಯೇ. 2016ರಲ್ಲಿ ಮೊದಲು ಕಾಣಿಸಿಕೊಂಡಾಗ ಅವರು ತಮ್ಮ ವ್ಯಂಗ್ಯಚಿತ್ರ ಕಥೆ ಪ್ರಕಟವಾಗುತ್ತಿದ್ದ ನೇವರ್ ಎಂಬ ಅಂತರ್ಜಾಲ ಸಂಸ್ಥೆಯ ಕಚೇರಿಯಲ್ಲೇ ಮಲಗಿ ದಿನ ಕಳೆಯುತ್ತಿದ್ದರು. ಶಿಷ್ಟಾಚಾರ ಬಾರದ, ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುವ, ಕೈಗೆ ಸಿಕ್ಕಿದ್ದನ್ನು ತಿನ್ನುವ ಆತನನ್ನು ಕಾರ್ಯಕ್ರಮ ಇದ್ದಂತೆಯೇ ಉಳಿಸಿಕೊಂಡಿತು. ವರ್ಷಗಳು ಕಳೆದು, 2023ರ ಅಕ್ಟೋಬರ್‌ನಲ್ಲಿ ಚೊಂಗ್‌ಜು ನಗರದ ಪೂರ್ಣ ಮ್ಯಾರಥಾನನ್ನು 4 ಗಂಟೆ 47 ನಿಮಿಷಗಳಲ್ಲಿ ಮುಗಿಸಿ ಅವರು ಕುಸಿದು ಕುಳಿತ ಕಂತನ್ನು ಕಂಡವರಿಗೆ, ಒಬ್ಬ ಮನುಷ್ಯ ಯಾರ ಒತ್ತಾಯವೂ ಇಲ್ಲದೆ ತನ್ನ ಬದುಕನ್ನು ತಾನೇ ಹದಕ್ಕೆ ತಂದುಕೊಳ್ಳುವುದನ್ನು ಕಂಡ ಸಂತೋಷ ದೊರೆಯಿತು. ಅದೇ ವರ್ಷದ ಕೊನೆಯಲ್ಲಿ ಎಂಬಿಸಿಯ ಅತ್ಯುನ್ನತ ಮನರಂಜನಾ ಪ್ರಶಸ್ತಿ ಅವರದಾಯಿತು.

ಇನ್ನು ಆರೋಪದ ವಿಷಯ. ಜನಸಂಖ್ಯಾ ನೀತಿಗಾಗಿ ಇರುವ ಅಧ್ಯಕ್ಷೀಯ ಸಮಿತಿಯ ಉಪಾಧ್ಯಕ್ಷೆಯಾಗಿದ್ದ ನಾ ಕ್ಯುಂಗ್‌ವೊನ್ ಅವರು 2022ರ ಡಿಸೆಂಬರ್‌ನಲ್ಲಿ, ಒಂಟಿ ಬದುಕೇ ಸುಖವೆಂಬ ಭಾವನೆ ಈ ಕಾರ್ಯಕ್ರಮದಿಂದ ಬೆಳೆಯುತ್ತಿದೆ ಎಂಬ ಅರ್ಥದ ಮಾತನ್ನಾಡಿದರು. ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಇಳಿದ ದೇಶದಲ್ಲಿ ಆತಂಕ ಸಹಜ. ಆದರೆ ಮೇಲೆ ಕೊಟ್ಟ ಅಂಕಿಗಳನ್ನೇ ಮತ್ತೊಮ್ಮೆ ನೋಡಬೇಕು. ಶೇ. 15.5ರಿಂದ ಶೇ. 23.9ಕ್ಕೆ ಏರಿದ್ದು ಕಾರ್ಯಕ್ರಮ ಹುಟ್ಟುವ ಮೊದಲು. ಅಷ್ಟೇ ಅಲ್ಲ, 2023ರ ಲೆಕ್ಕದಲ್ಲಿ ಏಕವ್ಯಕ್ತಿ ಕುಟುಂಬಗಳ ಪೈಕಿ 70 ದಾಟಿದವರು ಶೇ. 19.1 ಇದ್ದರೆ, 29 ವರ್ಷ ಮತ್ತು ಅದಕ್ಕಿಂತ ಕಿರಿಯರು ಶೇ. 18.6 ಮಾತ್ರ. ಗಂಡನನ್ನು ಕಳೆದುಕೊಂಡು ಹಳ್ಳಿಯ ಮನೆಯಲ್ಲಿ ಉಳಿದ ಮುದುಕಿ ಶುಕ್ರವಾರ ರಾತ್ರಿಯ ಟಿವಿ ನೋಡಿ ಒಂಟಿಯಾದವಳಲ್ಲ. ತರುಣರು ಮದುವೆಯನ್ನು ಮುಂದೂಡುವುದಕ್ಕೆ ಮನೆಯ ಬೆಲೆ, ದೀರ್ಘ ದುಡಿಮೆಯ ಅವಧಿ, ಮಕ್ಕಳ ಖಾಸಗಿ ಪಾಠದ ಖರ್ಚು, ಹೆರಿಗೆಯ ನಂತರ ಹೆಂಗಸರ ಕೆಲಸಕ್ಕೆ ಬೀಳುವ ಪೆಟ್ಟು ಕಾರಣ. ಇವುಗಳನ್ನು ಸರಿಪಡಿಸುವ ಹೊಣೆ ಹೊತ್ತವರು ಕಿರುತೆರೆಯತ್ತ ಬೆರಳು ತೋರಿಸುವುದು ನ್ಯಾಯವಲ್ಲ.

ತಾರೆಯರ ಮನೆಗಳು ಸಾಮಾನ್ಯರ ಮನೆಗಳಂತಿಲ್ಲ ಎಂಬುದು ನಿಜ. ಹಾಗೆಂದು ಅಲ್ಲಿ ಸಾಮಾನ್ಯ ಬದುಕು ಇಲ್ಲವೆಂದಲ್ಲ. ಸಿಯೋಲ್‌ನ ಹೊಂಗ್‌ಜೆದೊಂಗ್‌ನ ಗುಡ್ಡದ ಮೇಲಿನ ಹಳೆಯ ಮನೆಯಲ್ಲಿದ್ದ ಎಂಬಿಸಿಯ ಸಂಬಳದ ನಿರೂಪಕ ಕಿಮ್ ದೆಹೊ 2023ರಲ್ಲಿ ಈ ಕಾರ್ಯಕ್ರಮದ ಮೂಲಕವೇ ಜನಪ್ರಿಯರಾದರು. ಬಟ್ಟೆ ಒಗೆದು ಹರವುವುದು, ರಜೆಯ ದಿನ ಏನೂ ಮಾಡದೆ ನೆಲದ ಮೇಲೆ ಹೊರಳುವುದು, ಒಬ್ಬರಿಗಾಗಿಯೇ ಆದರೂ ನಾಲ್ಕು ಬಗೆಯ ಪಲ್ಯ ಮಾಡಿಕೊಳ್ಳುವುದು, ಇವೆಲ್ಲ ಬೆಲೆಯುಳ್ಳ ಕೆಲಸಗಳೆಂದು ಈ ಕಾರ್ಯಕ್ರಮ ತಿಳಿದಿದೆ. ‘ಫ್ಯಾಮಿಲಿಗೆ ಮಾತ್ರ’ ಎಂಬ ಷರತ್ತಿನ ಟು-ಲೆಟ್ ಬೋರ್ಡುಗಳನ್ನು ಓದುತ್ತಾ ಮನೆ ಹುಡುಕುವ ಬೆಂಗಳೂರಿನ ಹುಡುಗಿಯರಿಗೆ ಆ ತಿಳಿವಳಿಕೆಯ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಒಬ್ಬ ವ್ಯಕ್ತಿಯ ಸಂಸಾರವನ್ನೂ ಸಂಸಾರವೆಂದು ನೋಡುವ ಕಣ್ಣನ್ನು ಒಂದು ಮನರಂಜನಾ ಕಾರ್ಯಕ್ರಮ ಹತ್ತು ವರ್ಷಗಳ ಕಾಲ ಬೆಳೆಸಿರುವಾಗ, ಅದರಿಂದ ಒಳಿತಾಗಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ.

ವಿರೋಧ: ಈ ಮನೆಗಳಲ್ಲಿ ಬಾಡಿಗೆಯ ಮಾತು ಬರುವುದಿಲ್ಲ

ಒಂಟಿ ಬದುಕಿಗೆ ಮರ್ಯಾದೆ ಬೇಕು ಎಂಬುದರಲ್ಲಿ ನನಗೂ ಎರಡನೆಯ ಮಾತಿಲ್ಲ. ಆ ಮರ್ಯಾದೆ ಯಾರಿಗೆ ಸಿಕ್ಕಿತು ಎಂಬುದೇ ನನ್ನ ತಕರಾರು.

ಕೊರಿಯಾದ ಸರ್ಕಾರಿ ಅಂಕಿಅಂಶಗಳ ಪ್ರಕಾರ 2023ರಲ್ಲಿ ಏಕವ್ಯಕ್ತಿ ಕುಟುಂಬದ ಸರಾಸರಿ ವಾರ್ಷಿಕ ಆದಾಯ 3 ಕೋಟಿ 22 ಲಕ್ಷ ವೋನ್. ಎಲ್ಲ ಕುಟುಂಬಗಳ ಸರಾಸರಿಗೆ ಹೋಲಿಸಿದರೆ ಅದು ಶೇ. 44.9 ಮಾತ್ರ. ಅದೇ ವರ್ಷ ಸರ್ಕಾರದ ಮೂಲ ಜೀವನಾಧಾರ ನೆರವು ಪಡೆಯುತ್ತಿದ್ದ ಕುಟುಂಬಗಳಲ್ಲಿ ಶೇ. 73.5ರಷ್ಟು ಏಕವ್ಯಕ್ತಿ ಕುಟುಂಬಗಳು. ಎಂದರೆ ಆ ದೇಶದಲ್ಲಿ ಒಂಟಿತನ ಮತ್ತು ಬಡತನ ಒಂದರ ಕೈಯನ್ನೊಂದು ಹಿಡಿದೇ ನಡೆಯುತ್ತಿವೆ. ‘ನಾನು ಒಬ್ಬನೇ ಬದುಕುತ್ತೇನೆ’ ಎಂಬ ಹೆಸರನ್ನು ಹೊತ್ತು, ರಾಷ್ಟ್ರಮಟ್ಟದ ವಾಹಿನಿಯಲ್ಲಿ, ಹತ್ತು ವರ್ಷಗಳಿಗೂ ಮೀರಿ ನಡೆದ ಕಾರ್ಯಕ್ರಮವೊಂದು ಈ ಬದುಕಿನ ಹೊಸ್ತಿಲನ್ನು ಎಷ್ಟು ಬಾರಿ ತುಳಿದಿದೆ ಎಂದು ಕೇಳುವ ಹಕ್ಕು ನೋಡುಗರಿಗೆ ಇದೆ.

ಮೊದಮೊದಲು ಅದು ಆ ಕಡೆ ಹೆಜ್ಜೆ ಹಾಕಿತ್ತು ಎಂಬುದೇ ಹೆಚ್ಚು ನೋವಿನ ಸಂಗತಿ. ರಾಕ್ ಗಾಯಕ ಯುಕ್ ಜೂಂಗ್‌ವಾನ್ ಸಿಯೋಲ್‌ನ ಮಾಂಗ್‌ವೊನ್‌ದೊಂಗ್‌ನಲ್ಲಿ ಓಕ್ತಪ್‌ಬಾಂಗ್‌ನಲ್ಲಿ ಇದ್ದರು. ತಾರಸಿಯ ಮೇಲೆ ಕಟ್ಟಿದ, ಬೇಸಿಗೆಯಲ್ಲಿ ಕಾದು ಚಳಿಗಾಲದಲ್ಲಿ ಕೊರೆಯುವ ಒಂಟಿ ಕೋಣೆಗಳಿಗೆ ಅಲ್ಲಿ ಆ ಹೆಸರು. ಕೆಳಗಿಳಿದು ಪಕ್ಕದ ಮಾಂಗ್‌ವೊನ್ ಮಾರುಕಟ್ಟೆಯಲ್ಲಿ ಅಗ್ಗದ ತಿಂಡಿ ಕೊಂಡು, ಅಂಗಡಿಯವರೊಂದಿಗೆ ಮಾತನಾಡುತ್ತಾ ಅಲೆಯುತ್ತಿದ್ದ ಆತನನ್ನು ನೋಡಿಯೇ ಆ ಮಾರುಕಟ್ಟೆಯ ಹೆಸರು ದೇಶಕ್ಕೆಲ್ಲ ತಿಳಿಯಿತು. ನಟ ಕಿಮ್ ಗ್ವಾಂಗ್‌ಗ್ಯು ತಿಂಗಳ ಬಾಡಿಗೆಯ ಮನೆಯಲ್ಲಿ ಇದ್ದವರು; ಹಿಂದೆ ಜೊನ್ಸೆ ಮೋಸಕ್ಕೆ ಸಿಕ್ಕಿ ಕೂಡಿಟ್ಟ ಹಣ ಕಳೆದುಕೊಂಡದ್ದನ್ನು ಅವರು ಮುಚ್ಚಿಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಮನೆಯನ್ನು ಲೀಸಿಗೆ ಹಾಕಿಕೊಳ್ಳುವುದನ್ನು ಬಲ್ಲವರಿಗೆ ಜೊನ್ಸೆ ಸುಲಭವಾಗಿ ಅರ್ಥವಾಗುತ್ತದೆ: ಒಂದೇ ಸಲ ದೊಡ್ಡ ಮೊತ್ತವನ್ನು ಮಾಲೀಕನ ಕೈಗಿಟ್ಟು, ತಿಂಗಳ ಬಾಡಿಗೆ ಕೊಡದೆ ಇದ್ದು, ಬಿಡುವಾಗ ಹಣವನ್ನು ವಾಪಸು ಪಡೆಯುವ ಪದ್ಧತಿ. ಮಾಲೀಕ ಕೈಯೆತ್ತಿದರೆ ಬಾಡಿಗೆದಾರ ಬೀದಿಗೆ ಬರುತ್ತಾನೆ. ಇಂಚೊನ್ ನಗರದ ಮಿಚುಹೊಲ್ ಭಾಗದಲ್ಲಿ ನಡೆದ ಇಂಥ ದೊಡ್ಡ ವಂಚನೆಯ ನಂತರ ನೊಂದ ತರುಣರು ಜೀವ ಕಳೆದುಕೊಂಡು, 2023ರ ಜೂನ್‌ನಲ್ಲಿ ವಿಶೇಷ ಕಾನೂನೊಂದು ಜಾರಿಗೆ ಬರಬೇಕಾಯಿತು.

ಕಾರ್ಯಕ್ರಮ ಮುಂದುವರಿದಂತೆ ತಾರಸಿ ಕೋಣೆಗಳು ಹಿಂದೆ ಸರಿದು, ಹಾನ್ ನದಿ ಕಾಣುವ ಕಿಟಕಿಗಳು, ಬಟ್ಟೆಗೆಂದೇ ಮೀಸಲಾದ ಕೋಣೆಗಳು, ಗೋಡೆಯಗಲದ ಟಿವಿಗಳು ಮುಂದೆ ಬಂದವು. ‘ಒಬ್ಬನೇ ಬದುಕುವುದಲ್ಲ, ಒಬ್ಬನೇ ಚೆನ್ನಾಗಿ ಬದುಕುವುದು’ ಎಂದು ಕೊರಿಯಾದ ನೋಡುಗರೇ ಗೊಣಗಲು ಆರಂಭಿಸಿ ಬಹಳ ವರ್ಷಗಳಾದವು. ಹೊಸ ಸದಸ್ಯ ಬಂದಾಗ ಮೊದಲು ಆಗುವುದು ಮನೆಯ ಪ್ರದರ್ಶನ. ಸೋಫಾ ಎಲ್ಲಿಂದ ತಂದದ್ದು, ಕಾಫಿ ಯಂತ್ರ ಯಾವುದು, ದೀಪದ ಬಣ್ಣ ಯಾವುದು ಎಂಬ ಮಾತುಗಳು ಸಾಕಷ್ಟು ಬರುತ್ತವೆ. ತಿಂಗಳ ಕೊನೆಗೆ ಬಾಡಿಗೆ ಎಷ್ಟು, ಅದಕ್ಕೆ ಸಂಬಳದ ಎಷ್ಟು ಪಾಲು ಹೋಗುತ್ತದೆ ಎಂಬ ಮಾತು ಅಪರೂಪ. ಒಂಟಿಯಾಗಿ ಇರುವವನ ಬದುಕಿನಲ್ಲಿ ಮೊದಲ ಪ್ರಶ್ನೆಯೇ ಅದು: ಬಾಡಿಗೆಯನ್ನು ಹಂಚಿಕೊಳ್ಳಲು ಇನ್ನೊಬ್ಬರಿಲ್ಲ.

ಒಬ್ಬರೇ ಇರುವವರನ್ನು ಸರ್ಕಾರ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಹೊಸ ಅಪಾರ್ಟ್‌ಮೆಂಟುಗಳ ಹಂಚಿಕೆಗೆ ಅರ್ಜಿ ಹಾಕುವವರಿಗೆ ಕೊರಿಯಾದಲ್ಲಿ ಒಟ್ಟು 84 ಅಂಕಗಳ ಪಟ್ಟಿಯಿದೆ. ಸ್ವಂತ ಮನೆಯಿಲ್ಲದೆ ಕಳೆದ ವರ್ಷಗಳಿಗೆ 32, ಅದಕ್ಕಾಗಿ ಕಟ್ಟಿದ ಉಳಿತಾಯ ಖಾತೆಯ ಅವಧಿಗೆ 17, ಅವಲಂಬಿತರ ಸಂಖ್ಯೆಗೆ 35. ಅವಲಂಬಿತರೇ ಇಲ್ಲದವನಿಗೆ ಆ 35ರಲ್ಲಿ ಸಿಗುವುದು 5. ಹದಿನೈದು ವರ್ಷ ಬಾಡಿಗೆ ಮನೆಯಲ್ಲಿ ಕಳೆದು, ಹದಿನೈದು ವರ್ಷ ತಪ್ಪದೆ ಖಾತೆಗೆ ಹಣ ಕಟ್ಟಿದರೂ ಒಂಟಿ ಮನುಷ್ಯ 54ನ್ನು ದಾಟಲಾರ. ಸಿಯೋಲ್‌ನ ಬೇಡಿಕೆಯ ಬಡಾವಣೆಗಳಲ್ಲಿ ಆ ಅಂಕಕ್ಕೆ ಮನೆ ಸಿಗುವುದು ಕನಸಿನ ಮಾತು. ಒಂಟಿ ಮನೆಯೂ ಮನೆಯೇ ಎಂದು ಕಾರ್ಯಕ್ರಮ ಜನರನ್ನು ಒಪ್ಪಿಸಿದೆ ಎಂದು ಪರ ವಾದ ಮಾಡುವವರು ಹೇಳುತ್ತಾರೆ. ಈ ಅಂಕಪಟ್ಟಿಯ ಮುಂದೆ ನಿಂತವನಿಗೆ ಆ ಒಪ್ಪಿಗೆಯಿಂದ ಏನೂ ದಕ್ಕಿಲ್ಲ.

ಹ್ವಾಸಾಳ ಗೊಪ್‌ಚಾಂಗ್ ಊಟದಿಂದ ದೇಶವೇ ಹೋಟೆಲುಗಳ ಮುಂದೆ ಸಾಲುಗಟ್ಟಿದ ವರ್ಷ 2018. ಅದೇ ವರ್ಷದ ನವೆಂಬರ್ 9ರ ನಸುಕಿನಲ್ಲಿ, ಸಿಯೋಲ್‌ನ ನಡುಮಧ್ಯದ ಜೊಂಗ್ನೊ ಪ್ರದೇಶದ ಗೋಶಿವೊನ್ ಒಂದಕ್ಕೆ ಬೆಂಕಿ ಬಿದ್ದು ಏಳು ಮಂದಿ ಸತ್ತರು. ಗೋಶಿವೊನ್ ಎಂದರೆ ಮೊದಲು ಪರೀಕ್ಷೆಗೆ ಓದುವವರಿಗಾಗಿ ಕಟ್ಟಿದ, ಮಂಚ ಮತ್ತು ಮೇಜು ಹಾಕಿದರೆ ಕಾಲಿಡಲು ಜಾಗವಿರದ ಗೂಡುಕೋಣೆಗಳ ಸಾಲು. ಈಗ ಅಲ್ಲಿ ದಿನಗೂಲಿಯವರು, ವಯಸ್ಸಾದವರು ಇರುತ್ತಾರೆ. ಕಿಟಕಿಯಿರುವ ಕೋಣೆಗೆ ಬಾಡಿಗೆ ಹೆಚ್ಚು. ಅಷ್ಟು ಕೊಡಲಾರದವರು ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುತ್ತಾರೆ, ಬೆಂಕಿ ಬಿದ್ದಾಗ ಹೊರಬರುವ ದಾರಿಯೂ ಅಷ್ಟೇ ಕಿರಿದು. ಅವರೂ ಒಬ್ಬರೇ ಬದುಕುತ್ತಿದ್ದವರು. ಒಂದು ಮನರಂಜನಾ ಕಾರ್ಯಕ್ರಮ ಬೆಂಕಿಯನ್ನು ತೋರಿಸಬೇಕೆಂದು ನಾನು ಹೇಳುತ್ತಿಲ್ಲ. ಒಂಟಿ ಬದುಕೆಂದರೆ ಏನೆಂದು ದೇಶ ಯೋಚಿಸುವಾಗ ಕಣ್ಣ ಮುಂದೆ ಬರುವ ಚಿತ್ರವನ್ನು ಬರೆಯುತ್ತಿರುವುದು ಈ ಕಾರ್ಯಕ್ರಮ; ಆ ಚಿತ್ರದಲ್ಲಿ ಈ ಜನರಿಗೆ ಜಾಗವೇ ಇಲ್ಲ ಎಂದು ಹೇಳುತ್ತಿದ್ದೇನೆ.

ಒಂಟಿಯಾಗಿ ಸತ್ತು, ದಿನಗಳು ಕಳೆದ ಮೇಲೆ ಪತ್ತೆಯಾಗುವ ಸಾವುಗಳನ್ನು ಅಲ್ಲಿ ‘ಗೋದೊಕ್ಸಾ’ ಎನ್ನುತ್ತಾರೆ. ಅವುಗಳನ್ನು ತಡೆಯಲೆಂದೇ 2021ರ ಏಪ್ರಿಲ್‌ನಿಂದ ಒಂದು ಕಾನೂನು ಜಾರಿಯಲ್ಲಿದೆ. 2021ರಲ್ಲಿ 3,378 ಮಂದಿ ಹೀಗೆ ಸತ್ತರು; 2023ರಲ್ಲಿ 3,661 ಮಂದಿ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಐವತ್ತು, ಅರವತ್ತರ ಪ್ರಾಯದ ಗಂಡಸರು. ಕೆಲಸ ಹೋಗಿ, ಸಂಸಾರ ಒಡೆದು, ಅಡುಗೆ ಮಾಡಿಕೊಳ್ಳಲು ಬಾರದೆ, ನೆರವು ಕೇಳಲು ನಾಚಿ, ಬಾಗಿಲು ಹಾಕಿಕೊಂಡವರು ಅವರಲ್ಲಿ ಅನೇಕರು. 2013ರ ಮೊದಲ ತಂಡದಲ್ಲಿ ಇದ್ದದ್ದು ಬಹುಪಾಲು ಆ ವಯಸ್ಸಿನತ್ತ ನಡೆಯುತ್ತಿದ್ದ ಗಂಡಸರೇ ಎಂಬುದನ್ನು ನೆನೆದರೆ, ಕಾರ್ಯಕ್ರಮ ಎಂಥ ಅವಕಾಶವನ್ನು ಕೈಚೆಲ್ಲಿತು ಎಂಬುದು ತಿಳಿಯುತ್ತದೆ. ಅವರನ್ನು ಇನ್ನೂ ಹತ್ತು ವರ್ಷ ಹಿಂಬಾಲಿಸಿದ್ದರೆ, ಒಂಟಿಯಾಗಿ ವಯಸ್ಸಾಗುವುದು ಹೇಗೆ ಎಂಬ, ಕೊರಿಯಾಕ್ಕೆ ಈಗ ಎಲ್ಲಕ್ಕಿಂತ ಅಗತ್ಯವಾದ ಕಥೆ ಅದರ ಕೈಯಲ್ಲಿರುತ್ತಿತ್ತು.

ಕಾಯಿಲೆಯ ವಿಷಯವನ್ನೇ ತೆಗೆದುಕೊಳ್ಳಿ. ಕೊರಿಯಾದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ‘ಪೋಷಕರು ಯಾರು?’ ಎಂದು ಕೇಳುವ ರೂಢಿ ಬಲವಾಗಿದೆ. ಸಹಿ ಹಾಕಲು ರಕ್ತಸಂಬಂಧಿ ಬೇಕೆನ್ನುತ್ತಾರೆ. ಒಬ್ಬರೇ ಇರುವವರ ಈ ಪಾಡನ್ನು ಕಂಡು ಸಿಯೋಲ್ ನಗರಾಡಳಿತ 2021ರ ಕೊನೆಯಲ್ಲಿ, ಗಂಟೆಗೆ 5,000 ವೋನ್ ಕೊಟ್ಟರೆ ಆಸ್ಪತ್ರೆಗೆ ಜೊತೆಗೆ ಬಂದು, ಚೀಟಿ ಮಾಡಿಸಿ, ಔಷಧಿ ಕೊಡಿಸಿ ಮನೆಗೆ ಬಿಡುವ ಸೇವೆಯನ್ನು ಆರಂಭಿಸಿತು. ಬಹಳ ಒಳ್ಳೆಯ ಕೆಲಸ. ಇದರ ಅಗತ್ಯ ತಾರೆಯರಿಗಿಲ್ಲ. ಅವರಿಗೆ ಜ್ವರ ಬಂದರೆ ಮ್ಯಾನೇಜರ್ ಕಾರು ತರುತ್ತಾನೆ. ಮನೆಯಲ್ಲಿ ಒಬ್ಬರೇ ಮಲಗುತ್ತಾರೆ ಎಂಬುದನ್ನು ಬಿಟ್ಟರೆ, ಒಂಟಿ ಮನುಷ್ಯನ ದೊಡ್ಡ ಭಯ ಅವರನ್ನು ಅಷ್ಟಾಗಿ ಕಾಡುವುದಿಲ್ಲ.

ಸದಸ್ಯರ ನಡುವಿನ ಬಳಗವೇ ಈ ಕೊರತೆಯನ್ನು ತುಂಬುತ್ತದೆ ಎನ್ನುವವರಿಗೆ 2021ರ ಆಗಸ್ಟ್‌ನ ಒಂದು ಕಂತನ್ನು ನೆನಪಿಸಬೇಕು. ಹತ್ತು ವರ್ಷಗಳ ಕಾಲ ಬರೆದ ವ್ಯಂಗ್ಯಚಿತ್ರ ಕಥೆಯನ್ನು ಮುಗಿಸಿದ ಕಿಯಾನ್ 84 ತನ್ನ ಹುಟ್ಟೂರಿನ ಕಡೆ ಗೆಳೆಯರಿಗೆಲ್ಲ ಸಂತೋಷಕೂಟ ಏರ್ಪಡಿಸಿ, ಬಳಗದವರೆಲ್ಲರೂ ಬರುತ್ತಾರೆಂದು ನಂಬಿ ಒಬ್ಬೊಬ್ಬರಿಗೂ ಸಾಮಾನು ಸಿದ್ಧಮಾಡಿಕೊಂಡು ಕಾದರು. ಹೋದವರು ಜುನ್ ಹ್ಯುನ್‌ಮೂ ಒಬ್ಬರೇ. ಉಳಿದವರು ಬರುವುದಿಲ್ಲವೆಂಬುದನ್ನು ಅಚ್ಚರಿಯ ತಮಾಷೆಯಂತೆ ಹೆಣೆದಿದ್ದ ಆ ಕಂತನ್ನು ನೋಡಿ ಜನ ಸಿಟ್ಟಿಗೆದ್ದರು; ತಯಾರಕರು ಕ್ಷಮೆ ಕೇಳಿದರು. ಆ ಸಿಟ್ಟು ನ್ಯಾಯವಾದದ್ದು. ಕಾಯುವವನ ಮುಖದಲ್ಲಿ ಕಂಡ ಒಂಟಿತನ ನಿಜವಾದದ್ದು, ಬಳಗವೆಂಬುದು ಚಿತ್ರೀಕರಣದ ವೇಳಾಪಟ್ಟಿ ಎಂಬುದು ಅಂದು ಎಲ್ಲರಿಗೂ ಕಂಡುಬಿಟ್ಟಿತು. ಅದಕ್ಕೂ ಮೊದಲು, ಜುನ್ ಹ್ಯುನ್‌ಮೂ ಮತ್ತು ಮಾಡೆಲ್ ಹಾನ್ ಹೆಜಿನ್ ಅವರ ಒಲವು 2018ರಲ್ಲಿ ಬಯಲಾದಾಗ ಅದು ಕಾರ್ಯಕ್ರಮಕ್ಕೆ ಮೆರುಗು ಕೊಟ್ಟಿತು. 2019ರ ಮಾರ್ಚ್‌ನಲ್ಲಿ ಅವರು ಬೇರೆಯಾದಾಗ ಇಬ್ಬರೂ ಕೆಲಕಾಲ ಹೊರನಡೆಯಬೇಕಾಯಿತು. ಒಂಟಿ ಬದುಕಿನ ಕಾರ್ಯಕ್ರಮ ಹೆಚ್ಚು ಸುದ್ದಿಯಾಗುವುದು ಅಲ್ಲಿ ಯಾರಾದರೂ ಜೋಡಿಯಾದಾಗ ಎಂಬುದನ್ನೂ ಗಮನಿಸಬೇಕು.

ಮಾರುಕಟ್ಟೆಯ ಮಾತಿಗೆ ಬಂದರೆ, 2010ರಿಂದ ಕೊರಿಯಾದ ಕಾರ್ಯಕ್ರಮಗಳೊಳಗೆ ಸರಕುಗಳನ್ನು ಜಾಹೀರಾತಾಗಿ ಇಡಲು ಕಾನೂನಿನ ಅನುಮತಿಯಿದೆ. ಶುಕ್ರವಾರ ತೆರೆಯ ಮೇಲೆ ಕಂಡ ಪಾತ್ರೆ, ಬಟ್ಟೆ, ತಿಂಡಿಯನ್ನು ಶನಿವಾರ ಜನ ಹುಡುಕುತ್ತಾರೆ. ಗೊಪ್‌ಚಾಂಗ್‌ಗೆ ತತ್ವಾರ ಬಂದದ್ದನ್ನು ಮರ್ಯಾದೆಯ ಗೆಲುವೆಂದು ಪರ ವಾದದವರು ಎಣಿಸಿದ್ದಾರೆ. ನನಗೆ ಅದು ವ್ಯಾಪಾರದ ಗೆಲುವಾಗಿಯೂ ಕಾಣುತ್ತದೆ. ಇಬ್ಬರ ಪಾಲಿನ ನಿಯಮ ಅನೇಕ ಹೋಟೆಲುಗಳಲ್ಲಿ ಇಂದಿಗೂ ಹಾಗೆಯೇ ಇದೆ.

ನಾ ಕ್ಯುಂಗ್‌ವೊನ್ ಅವರ ಟೀಕೆಯನ್ನು ನಾನೂ ಒಪ್ಪುವುದಿಲ್ಲ. ಮನೆ, ಕೆಲಸ, ಮಕ್ಕಳ ಪಾಲನೆಯ ವೆಚ್ಚಗಳನ್ನು ಸರಿಮಾಡದೆ ಟಿವಿಯನ್ನು ದೂರುವುದು ಆಳುವವರಿಗೆ ಹೊಂದುವುದಿಲ್ಲ. ಆದರೆ ಅಂಥ ಮಾತಿಗೆ ಎಡೆ ಮಾಡಿಕೊಟ್ಟದ್ದು ಯಾವುದು? ಒಂಟಿಯಾಗಿರುವವರೆಂದರೆ ತಮ್ಮಿಷ್ಟದಂತೆ, ಯಾವ ಹೊಣೆಯೂ ಇಲ್ಲದೆ, ವಿಶಾಲವಾದ ಮನೆಯಲ್ಲಿ ಸುಖವಾಗಿ ಇರುವವರು ಎಂಬ ಚಿತ್ರವೇ. ಆ ಚಿತ್ರವನ್ನು ನಂಬಿದ ಅಧಿಕಾರಿಗೆ ಒಂಟಿವಾಸಿಗಳು ಬುದ್ಧಿ ಹೇಳಬೇಕಾದವರಾಗಿ ಕಾಣುತ್ತಾರೆ, ನೆರವು ಕೊಡಬೇಕಾದವರಾಗಿ ಕಾಣುವುದಿಲ್ಲ. ಸಿಯೋಲ್ ನಗರಾಡಳಿತ 2024ರ ಅಕ್ಟೋಬರ್‌ನಲ್ಲಿ, ಒಂಟಿತನದ ವಿರುದ್ಧ ಐದು ವರ್ಷಗಳಲ್ಲಿ 45,130 ಕೋಟಿ ವೋನ್ ವೆಚ್ಚ ಮಾಡುವ ಯೋಜನೆಯನ್ನು ಪ್ರಕಟಿಸಿತು. ಒಂದು ನಗರ ತನ್ನ ಜನರ ಒಂಟಿತನಕ್ಕೆ ಅಷ್ಟು ಹಣ ತೆಗೆದಿಡಬೇಕಾದ ಹೊತ್ತಿನಲ್ಲಿ, ಒಂಟಿತನದ ಹೆಸರಿನಿಂದಲೇ ನಡೆಯುವ ಕಾರ್ಯಕ್ರಮ ತಾರೆಯರ ಅಡುಗೆಮನೆಗಳಲ್ಲೇ ಸುತ್ತುತ್ತಿದೆ.

ಅದನ್ನು ನಿಲ್ಲಿಸಬೇಕೆಂದು ನಾನು ಕೇಳುವುದಿಲ್ಲ. ತಿಂಗಳಿಗೆ ಒಂದು ಕಂತಾದರೂ ಪ್ರಸಿದ್ಧರಲ್ಲದವರದಾಗಲಿ: ರಾತ್ರಿ ಪಾಳಿ ಮುಗಿಸಿ ಅರೆ ನೆಲಮಾಳಿಗೆಯ ಮನೆಗೆ ಬರುವ ದಾದಿಯದು, ಗೋಶಿವೊನ್‌ನಲ್ಲಿ ಹತ್ತು ವರ್ಷ ಕಳೆದ ಕಟ್ಟಡ ಕಾರ್ಮಿಕನದು, ಹೊಲದ ಅಂಚಿನ ಮನೆಯಲ್ಲಿ ಒಬ್ಬಳೇ ಕಿಮ್ಚಿ ಹಾಕುವ ಎಪ್ಪತ್ತೈದರ ಅಜ್ಜಿಯದು. ಸ್ಟುಡಿಯೋದ ಸದಸ್ಯರು ಅವರನ್ನೂ ಅದೇ ನಗುವಿನಿಂದ, ಅದೇ ಒಪ್ಪಿಗೆಯಿಂದ ನೋಡಲಿ. ಕೊರಿಯಾದ ಕಾರ್ಯಕ್ರಮಗಳಲ್ಲಿ ತೆರೆಯ ತುಂಬ ಬರಹಗಳನ್ನು ಹಾಕುವ ರೂಢಿ ಹೇಗೂ ಇದೆ. ಪ್ರತಿ ಮನೆಯ ಬಾಗಿಲು ತೆರೆದಾಗ, ಅದು ಸ್ವಂತದ್ದೋ ಜೊನ್ಸೆಯೋ ತಿಂಗಳ ಬಾಡಿಗೆಯದೋ, ಬಾಡಿಗೆಯಾದರೆ ಎಷ್ಟು ಎಂಬ ಒಂದು ಸಾಲನ್ನೂ ಅವುಗಳ ಜೊತೆ ಹಾಕಲಿ.